ಬೆರಳುದ್ದದ ಗೋಡೆ ಮತ್ತು ನನ್ನ ಟೂತ್‌ಬ್ರಶ್

ಕಳೆದ ಭಾನುವಾರ ನಾನು ಒಂದು ರೈಲನ್ನು ನಿಲ್ಲಿಸಿಬಿಟ್ಟೆ.

ಚೈನ್ ಎಳೆದಲ್ಲ. ಹಳಿಯ ಮೇಲೆ ಮಲಗಿಯೂ ಅಲ್ಲ. ಒಂದು ಹಳೆಯ ಟೂತ್‌ಬ್ರಶ್‌ನಿಂದ.

ಆ ರೈಲಿನ ಎಂಜಿನ್ ನನ್ನ ಕನ್ನಡಕದ ಡಬ್ಬಿಗಿಂತ ಚಿಕ್ಕದು. ಅದು ಹೊರಡಬೇಕಿದ್ದ ಸ್ಟೇಷನ್ ಚಪ್ಪಲಿ ಡಬ್ಬಿಯಷ್ಟು ದೊಡ್ಡದು. ಆದರೆ ಅದರ ಮುಂದೆ ನನಗಾದ ನಾಚಿಕೆ ಮಾತ್ರ ಫುಲ್ ಸೈಜಿನದು. ಇನ್ನೂ ಇಳಿದಿಲ್ಲ.

ನಮ್ಮ ವಡೋದರಾದ ಮಂಜಲ್‌ಪುರದಲ್ಲಿ ಒಂದು ಮಾಡೆಲ್ ರೈಲ್ವೆ ಕ್ಲಬ್ ಇದೆ. ನಾನೂ ಅದರ ಮೆಂಬರು. (‘ಮಕ್ಕಳಿಗೆ ಆಟದ ಸಾಮಾನು ಕೊಡಿಸುವಾಗ ಗೊಣಗುತ್ತಿದ್ದಿರಿ, ಈಗ ನೋಡಿ’ ಅಂತ ಹೆಂಡತಿ ಲತಾ ಬಂದವರಿಗೆಲ್ಲ ಹೇಳುತ್ತಾಳೆ.) ವಾಲ್ವ್ ಫ್ಯಾಕ್ಟರಿಯಲ್ಲಿದ್ದು ನಿವೃತ್ತರಾದ ಜಯಂತಿಭಾಯ್ ತಮ್ಮ ಮನೆಯ ಮಹಡಿಯ ಹಾಲನ್ನು ಕ್ಲಬ್ಬಿಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಪ್ಲೈವುಡ್ ಹಾಸಿ, ಹಿಂದೆ ಈ ಕಡೆ ಓಡುತ್ತಿದ್ದ ನ್ಯಾರೋಗೇಜ್ ರೈಲುದಾರಿಯನ್ನು ಇದ್ದ ಹಾಗೇ ಪುಟ್ಟದಾಗಿ ಕಟ್ಟುತ್ತಿದ್ದೇವೆ. ಹೊಲ, ಹೊಳೆ, ಸೇತುವೆ, ಗೇಟು, ಗೇಟಿನ ಮುಂದೆ ತಾಳ್ಮೆಗೆಟ್ಟ ಸ್ಕೂಟರುಗಳು, ಎಲ್ಲ ಇವೆ.

ಒಬ್ಬರು ವೈರಿಂಗ್ ನೋಡಿಕೊಳ್ಳುತ್ತಾರೆ. ಒಬ್ಬರು ಮರ ನೆಡುತ್ತಾರೆ. ನನ್ನ ಪಾಲಿಗೆ ಬಂದದ್ದು ಕೊಳೆ.

ನಗಬೇಡಿ. ಇದಕ್ಕೆ ವೆದರಿಂಗ್ ಅನ್ನುತ್ತಾರೆ. ಅಂಟು ಆರಿದ ಹೊಸ ಮಾಡೆಲ್ಲು ಪ್ಲಾಸ್ಟಿಕ್ ಗೊಂಬೆಯ ಹಾಗೆ ಹೊಳೆಯುತ್ತದೆ. ಅದನ್ನು ಮಳೆ ಬಿಸಿಲು ಕಂಡ ನಿಜವಾದ ವಸ್ತುವಿನ ಹಾಗೆ ಮಾಡಬೇಕು. ಚಹಾದ ಡಿಕಾಕ್ಷನ್ನಿನಿಂದ ನೀರಿಳಿದ ಗುರುತು. ಇಟ್ಟಿಗೆ ಪುಡಿಯಿಂದ ತುಕ್ಕು. ಇನ್ನು ಪಾನ್ ಕಲೆಗೆ ನನ್ನದೇ ರೆಸಿಪಿ ಇದೆ. ಕಾಚು ಕರಗಿಸಿ, ಚಿಟಿಕೆ ಕೆಂಪು ಬಣ್ಣ ಸೇರಿಸಿ, ಹಳೆಯ ಟೂತ್‌ಬ್ರಶ್ ಅದ್ದಿ, ಹೆಬ್ಬೆರಳಿನಿಂದ ಅದರ ಕೂದಲನ್ನು ಹಿಂದಕ್ಕೆಳೆದು ಬಿಟ್ಟರೆ... ಪಿಚಕ್! ಮೇಲೊಂದು ಕೈ ವಾರ್ನಿಶ್. ಆಮೇಲೆ ತೊಳೆದರೂ ಹೋಗುವುದಿಲ್ಲ.

ಅಹಮದಾಬಾದಿನಿಂದ, ಸೂರತ್ತಿನಿಂದ ನಮ್ಮ ಈ ಪುಟ್ಟ ರೈಲುದಾರಿ ನೋಡಲು ಬಂದವರು ಸೇತುವೆಯ ಫೋಟೋ ತೆಗೆಯುವುದಿಲ್ಲ, ನನ್ನ ಪಾನ್ ಕಲೆಯ ಫೋಟೋ ತೆಗೆಯುತ್ತಾರೆ! ‘ವಾಹ್ ಭಟ್‌ಭಾಯ್, ಏಕ್‌ದಮ್ ರಿಯಲ್!’ ಅನ್ನುತ್ತಾರೆ ಜಯಂತಿಭಾಯ್. (ಹೆಸರಿನ ಕೊನೆಯ ಭಟ್ ನೋಡಿ ಇಲ್ಲಿಯವರು ನನ್ನನ್ನೂ ಗುಜರಾತಿ ಅಂದುಕೊಳ್ಳುತ್ತಾರೆ. ನಾನು ಬಾಯಿ ತೆರೆಯುವವರೆಗೆ.)

ಹೀಗೆ ಕೊಳೆಗೆ ಹೊಗಳಿಕೆ ಸಿಕ್ಕಿ ಸಿಕ್ಕಿ ನನ್ನ ತಲೆ ತಿರುಗಿತ್ತು ಅನ್ನಿ.

ಈ ವರ್ಷ ಕ್ಲಬ್ಬಿಗೆ ವಿಮಲಕ್ಕ ಸೇರಿದರು. ಧಾರವಾಡ ಕಡೆಯವರು. ಅವರ ಯಜಮಾನರು ಗೋಪಾಲರಾಯರು ಇದೇ ನ್ಯಾರೋಗೇಜ್ ದಾರಿಯಲ್ಲಿ, ಹೆಸರು ಹೇಳಿದರೂ ನಿಮಗೆ ಗೊತ್ತಾಗದ ಒಂದು ಸಣ್ಣ ಊರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಬ್ರಾಡ್‌ಗೇಜ್ ಬಂದಾಗ ಆ ಕಟ್ಟಡವನ್ನು ಕೆಡವಿಹಾಕಿದರು. ವಿಮಲಕ್ಕ ಅದನ್ನೇ ಮತ್ತೆ ಕಟ್ಟಲು ಹೊರಟರು. ಗಂಡನಿಗೆ ಗೊತ್ತಾಗದ ಹಾಗೆ.

‘ಅವರಿಗೆ ಹೇಳಬ್ಯಾಡ್ರಿ ಮತ್ತ. ಅಡಿಗಿ ಕ್ಲಾಸಿಗೆ ಹೋಗತೀನಿ ಅಂತ ಹೇಳೀನಿ. ಈ ವಯಸ್ಸಿನ್ಯಾಗ ಏನ್ ಅಡಿಗಿ ಕಲೀತಾಳ ಇಕಿ ಅಂತ ಅವರಿಗೆ ಒಂದ ಚಿಂತಿ ಆಗೇದ.’

ಕಾರ್ಡ್‌ಬೋರ್ಡ್ ಕೊರೆದು, ಕಡ್ಡಿ ಸೀಳಿ ಅವರು ಮಾಡಿದ್ದನ್ನು ನೀವು ನೋಡಬೇಕಿತ್ತು. ಟಿಕೆಟ್ ಕಿಟಕಿ, ಗಂಟೆ ಬಾರಿಸಲು ನೇತುಹಾಕಿದ ಹಳಿಯ ತುಂಡು, ಬೇವಿನ ಮರ, ಅದರ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ನೀರಿನ ಹರವಿ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು.

ಭಾನುವಾರ ಎಲ್ಲರಿಗೂ ತೆರೆದ ಪ್ರದರ್ಶನ. ಗೋಪಾಲರಾಯರನ್ನು ಏನೋ ನೆಪ ಹೇಳಿ ಕರೆತರುವುದು, ಅವರ ಸ್ಟೇಷನ್ನಿನಿಂದ ಮೊದಲ ಗಾಡಿಗೆ ಅವರಿಂದಲೇ ಹಸಿರು ಬಾವುಟ ಬೀಸಿಸುವುದು. ಇದು ಪ್ಲಾನ್. ಹಿಂದಿನ ದಿನ ಮಧ್ಯಾಹ್ನ ವಿಮಲಕ್ಕ ಸ್ಟೇಷನ್ನನ್ನು ತಂದು ಅದರ ಜಾಗದಲ್ಲಿ ಕೂರಿಸಿದರು. ಹಾಲಿನಲ್ಲಿ ನಾನೊಬ್ಬನೇ ಇದ್ದೆ.

‘ಭಟ್ಟರ, ಈ ಪ್ಲಾಟ್‌ಫಾರ್ಮ್ ಕಡೆ ಗ್ವಾಡಿ ಅದಲ್ಲರಿ, ಇದರದೊಂದು ಕಥಿ ಅದ...’

ಗೋಡೆ ಅಂದದ್ದೇ ತಡ, ನನ್ನ ಬಾಯಿ ಶುರುವಾಯಿತು! ‘ಅಯ್ಯೋ, ಗೋಡೆ ಕಥೆ ನನ್ನ ಕೇಳಿ ಅಕ್ಕಾ’ ಅಂದೆ. ನಾನು ಮೊದಲ ಸಲ ತುಕ್ಕು ಮಾಡಿದ ಕಥೆ. ಚಹಾದಲ್ಲಿ ಸಕ್ಕರೆ ಉಳಿದು ಇಡೀ ಗೂಡ್ಸ್ ಗಾಡಿಗೆ ಇರುವೆ ಮುತ್ತಿದ ಕಥೆ. ವಿಮಲಕ್ಕ ನಕ್ಕರು. ಮಧ್ಯೆ ಮತ್ತೊಮ್ಮೆ ‘ಅಲ್ಲರಿ, ಈ ಗ್ವಾಡಿ...’ ಅಂದರು. ‘ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ, ಮಿಕ್ಕಿದ್ದು ನನಗೆ ಬಿಡಿ’ ಅಂದೆ. ಅವರು ಏನು ತಿಳಿದುಕೊಂಡರೋ, ತಲೆಯಾಡಿಸಿ ಹೋದರು.

ನಾನು ಕೂತು ನೋಡಿದೆ. ಎಲ್ಲ ಸರಿಯಾಗಿದೆ, ಆದರೆ ಗೋಡೆ ಬರೀ ಬಿಳಿ. ನಿಜವಾದ ಸುಣ್ಣವನ್ನೇ ತೆಳ್ಳಗೆ ಕಲಸಿ ಹಚ್ಚಿದ್ದರು. ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ಪಾಪ, ಟೈಮ್ ಸಿಕ್ಕಿಲ್ಲ ಅಂದುಕೊಂಡೆ. ಸ್ಟೇಷನ್ ಗೋಡೆ ಎಲ್ಲಾದರೂ ಹೀಗಿರುತ್ತದೆಯೇ?

ಟೂತ್‌ಬ್ರಶ್ ತೆಗೆದೆ.

ಆವತ್ತು ನನ್ನ ಕೈಗೆ ಅದೇನು ಬಂದಿತ್ತೋ! ಟಿಕೆಟ್ ಕಿಟಕಿಯ ಕೆಳಗೆ ಹಳೆಯ, ಮಾಸಿದ ಕಲೆಗಳು. ಬೆಂಚಿನ ಹಿಂದೆ ಈಗಷ್ಟೇ ಉಗುಳಿದಂತೆ ಹಸಿ ಕೆಂಪು. ಮೂಲೆಯಲ್ಲಿ ಧಾರಾಳವಾಗಿ. ಜಯಂತಿಭಾಯ್ ಬಂದು ನೋಡಿ ನನ್ನ ಬೆನ್ನು ತಟ್ಟಿದರು. ವಿಮಲಕ್ಕನಿಗೂ ಒಂದು ಸರ್ಪ್ರೈಸ್ ಇರಲಿ ಅಂತ ಫೋನ್ ಕೂಡ ಮಾಡಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಮಕ್ಕಳು ಹಳಿಯ ಸುತ್ತ ಗಲ್ಲ ಊರಿ ನಿಂತಿದ್ದರು. ವಿಮಲಕ್ಕ ಗಂಡನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಜಯಂತಿಭಾಯ್ ಕುರ್ಚಿ ಹಾಕಿದರು. ರಾಯರು ಕೂತು, ಕನ್ನಡಕ ಸರಿಮಾಡಿಕೊಂಡು, ಬಗ್ಗಿದರು.

ಮೊದಲು ಹೆಸರಿನ ಬೋರ್ಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹೆಂಡತಿಯ ಮುಖ ನೋಡಿದರು.

‘ಇದು ನಿನ್ನ ಅಡಿಗಿ ಕ್ಲಾಸು ಏನು?’

ಎಲ್ಲರೂ ಚಪ್ಪಾಳೆ ತಟ್ಟಿದೆವು. ರಾಯರು ಗಂಟೆಯನ್ನು ಬೆರಳ ತುದಿಯಿಂದ ಮುಟ್ಟಿದರು. ‘ಹರವಿ ಸುದ್ದಾ ಇಟ್ಟೀಯಲ್ಲ!’ ಅಂದರು. ಬೇವಿನ ಮರ ನೋಡಿದರು. ಮರದಿಂದ ಬೆಂಚಿಗೆ, ಬೆಂಚಿನಿಂದ ಗೋಡೆಗೆ ಬಂದರು.

ಅಲ್ಲಿ ನಿಂತರು.

‘ಇಲ್ಲೆ ಯಾರು ಉಗುಳ್ಯಾರ?’

ಹಿಂದಿದ್ದ ಕೆಲವರು ನಕ್ಕರು. ವಿಮಲಕ್ಕ ಬಗ್ಗಿ ನೋಡಿದರು. ಅವರ ಮುಖ ನಾನು ನೋಡಬೇಕಿತ್ತು. ನೋಡಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಹೊಗಳಿಕೆ ಬಂತು ಅಂದುಕೊಂಡು ಕೈ ಎತ್ತಿದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವವನ ಹಾಗೆ.

‘ನಾನೇ ಸರ್, ನಾನೇ!’

ರಾಯರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

‘ನೀವು ಯಾವಾಗ ಬಂದಿದ್ರಿ ನಮ್ಮ ಸ್ಟೇಷನ್ನಿಗೆ?’

‘ಬಂದಿಲ್ಲ ಸರ್.’

‘ಮತ್ತ ಇಲ್ಲೆ ಉಗುಳಿರತಾರ ಅಂತ ನಿಮಗ ಹೆಂಗ ಗೊತ್ತಾತು?’

‘ಅಲ್ಲ ಸರ್... ಎಲ್ಲ ಕಡೆ ಹಾಗೇ ಇರುತ್ತದಲ್ಲ...’

‘ಎಲ್ಲಾ ಕಡೆ ಇರತದ’ ಅಂದರು ರಾಯರು. ‘ಅದಕ್ಕ ಇಲ್ಲೆ ಇರಗೊಡಲಿಲ್ಲ.’

ಜೇಬಿನಿಂದ ಕರ್ಚೀಫ್ ತೆಗೆದರು. ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಆ ಬೆರಳುದ್ದದ ಗೋಡೆಯನ್ನು ಒರೆಸತೊಡಗಿದರು. ಮೆತ್ತಗೆ. ಆಮೇಲೆ ಸ್ವಲ್ಪ ಒತ್ತಿ. ಹೋಗಲಿಲ್ಲ. ಹೇಗೆ ಹೋದೀತು? ವಾರ್ನಿಶ್ ಹಾಕಿದವನು ನಾನು.

‘ಬಿಡ್ರಿ, ಮಂದಿ ನೋಡಲಿಕ್ಕತ್ತಾರ’ ಅಂದರು ವಿಮಲಕ್ಕ, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಜಯಂತಿಭಾಯ್ ಹಸಿರು ಬಾವುಟ ತಂದು ರಾಯರ ಕೈಗಿಟ್ಟರು. ರಾಯರು ಅದನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

‘ಗ್ವಾಡಿ ಸ್ವಚ್ಛ ಆಗಲಿ. ಆಮ್ಯಾಲೆ ಗಾಡಿ ಬಿಡೋಣು.’

ಎಂಜಿನ್ ಗುಂಯ್ ಅನ್ನುತ್ತ ನಿಂತಿತ್ತು. ಮಕ್ಕಳು ‘ಅಂಕಲ್, ಚಲಾವೋ ನೆ!’ ಅಂತ ಗಾಡಿ ಬಿಡಲು ಪೀಡಿಸತೊಡಗಿದರು. ಜಯಂತಿಭಾಯ್ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಹಾಲಿನ ತುಂಬ ಜನ ನಿಂತಿರುವಾಗ, ಉಜ್ಜುಕಾಗದ ಹಿಡಿದು, ಮೊಣಕಾಲೂರಿ ಕೂತು, ನಾನೇ ಹೆಮ್ಮೆಯಿಂದ ಉಗುಳಿದ್ದನ್ನು ನಾನೇ ಕೆರೆಯತೊಡಗಿದೆ. ಕಿಟಕಿಯ ಒಂದು ಕಂಬಿ ಮುರಿಯಿತು.

ವಿಮಲಕ್ಕ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಪಕ್ಕದಲ್ಲಿ ಕೂತು, ನಾನು ಕೆರೆದಲ್ಲೆಲ್ಲ ಬ್ರಶ್ ಆಡಿಸಿದರು.

ಸುಣ್ಣದ ಗುಣ ನಿಮಗೆ ಗೊತ್ತಲ್ಲ, ಹಚ್ಚಿದ ಕೂಡಲೇ ಬಿಳಿಯಾಗುವುದಿಲ್ಲ. ಒಣಗಬೇಕು. ಒಣಗುವವರೆಗೆ ಎಲ್ಲರೂ ಕಾಯಬೇಕು. ಹಾಗೆ ಕಾಯುವಾಗ ವಿಮಲಕ್ಕ ಆ ಗೋಡೆಯ ಕಥೆ ಹೇಳಿದರು. ನಾನು ಹಿಂದಿನ ದಿನ ಹೇಳಲು ಬಿಡದ ಕಥೆ.

ರಾಯರು ಆ ಸ್ಟೇಷನ್ನಿಗೆ ವರ್ಗವಾಗಿ ಬಂದಾಗ ಗೋಡೆ ನನ್ನ ಕಲ್ಪನೆಯಲ್ಲಿದ್ದ ಹಾಗೇ ಇತ್ತಂತೆ. ದೀಪಾವಳಿಗೆ ಸುಣ್ಣ ಹೊಡೆಯಲು ಯಾರೂ ಸಿಗದೆ ಗಂಡ ಹೆಂಡತಿ ಇಬ್ಬರೇ ಹೊಡೆದರಂತೆ. ಆಮೇಲೆ ಯಾರಾದರೂ ಉಗುಳಿದರೆ ರಾಯರು ಬೈಯುತ್ತಿರಲಿಲ್ಲ. ಬಕೆಟ್ ತಂದು, ಉಗುಳಿದವನ ಎದುರಿಗೇ ತಾವೇ ತೊಳೆಯುತ್ತಿದ್ದರು.

‘ಸಾಹೇಬರು ಯುನಿಫಾರ್ಮ್ ಮ್ಯಾಲೆ ಗ್ವಾಡಿ ತಿಕ್ಕೋದು ನೋಡಿ ಹಳ್ಳಿ ಮಂದಿ ನಾಚಿಕೊಂಡ್ರು ನೋಡ್ರಿ. ಆಮ್ಯಾಲೆ ಪಾನ್ ಹಾಕಿದವರು ಬಾಯಿ ಮುಚ್ಚಿಕೊಂಡ ಪ್ಲಾಟ್‌ಫಾರ್ಮ್ ಮ್ಯಾಲೆ ನಿಂದರೋರು. ಟಿಕೆಟ್ ಸುದ್ದಾ ಕೈಸನ್ನಿ ಮಾಡೇ ಕೇಳೋರು. ಗಾಡಿ ಹತ್ತಿ, ಮುಂದಿನ ಸ್ಟೇಷನ್ನಿಗೆ ಹೋಗಿ ಉಗುಳೋರು!’

‘ಅಲ್ಲಿ ಮಾಸ್ಟರ್ ನನ್ನ ಮ್ಯಾಲೆ ಭಾಳ ಸಿಟ್ಟಾಗಿದ್ದ’ ಅಂದರು ರಾಯರು. ಆವತ್ತು ಮೊದಲ ಸಲ ನಕ್ಕರು. ನೆರೆದವರೂ ನಕ್ಕರು. ನನಗೆ ನಗಲಾಗಲಿಲ್ಲ.

ಗೋಡೆ ಒಣಗಿತು. ಬಿಳಿಯಾಯಿತು, ಸುಮಾರಾಗಿ. ಬೆಂಚಿನ ಹಿಂದಿನ ಆ ಒಂದು ಕಲೆ ಮಾತ್ರ ಸುಣ್ಣದೊಳಗಿಂದ ನಸುಗೆಂಪಾಗಿ ಇಣುಕುತ್ತಲೇ ಇತ್ತು. ರಾಯರಿಗೂ ಕಾಣಿಸಿತು. ಮಕ್ಕಳ ಕಡೆ ನೋಡಿದರು. ಎದ್ದು ನಿಂತರು. ಬಾವುಟ ಬಿಡಿಸಿದರು. ಗಾಡಿ ಹೊರಟಿತು.

ಹೋಗುವಾಗ ವಿಮಲಕ್ಕ ನನ್ನ ಹತ್ತಿರ ಬಂದರು. ಈಗ ಎರಡು ಮಾತು ಅಂದೇ ಅನ್ನುತ್ತಾರೆ ಅಂತ ಕಾದೆ.

‘ಗದ್ದಲದಾಗ ನಿಮ್ಮದು ಚಹಾ ಆಗಲೇ ಇಲ್ಲಲ್ಲರಿ ಭಟ್ಟರ’ ಅಂದರು.

ಅಷ್ಟೇ.

ಮನೆಗೆ ಬಂದು ಎಲ್ಲ ಹೇಳಿದೆ. ಲತಾ ಹುಣಸೆಹಣ್ಣು ಬಿಡಿಸುತ್ತಿದ್ದವಳು ತಲೆಯೆತ್ತದೆ ಅಂದಳು: ‘ಅವರು ಹೇಳಲಿಕ್ಕೆ ಬಂದಿದ್ದರಲ್ಲ. ನೀವು ಬಿಟ್ಟರೆ ತಾನೆ?’

ನನ್ನ ಕನ್ನಡ ನಮ್ಮ ಅಜ್ಜಿಯ ಕನ್ನಡ. ಹುಟ್ಟಿದ ಊರಿನಲ್ಲಿ ಬೆಳೆಯದ ನನಗೆ ಮಾತು ಕಲಿಸಿದವಳು ಅವಳೇ. ಅವಳೂ ಕಥೆ ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಆದರೆ ಎದುರಿಗಿದ್ದವರು ತುಟಿ ಅಲ್ಲಾಡಿಸಿದರೆ ಸಾಕು, ‘ನೀ ಹೇಳು ಮಗಾ’ ಅಂತ ಸುಮ್ಮನಾಗುತ್ತಿದ್ದಳು. ನಾನು ಅವಳಿಂದ ಅರ್ಧ ಮಾತ್ರ ಕಲಿತೆ.

ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಚುಚ್ಚುತ್ತಿದೆ. ಬಿಳಿ ಗೋಡೆ ಕಂಡಾಗ ‘ಯಾರೋ ಚೆನ್ನಾಗಿ ಇಟ್ಟುಕೊಂಡಿದ್ದಾರೆ’ ಅಂತ ನನಗೇಕೆ ಹೊಳೆಯಲಿಲ್ಲ? ‘ಇದು ಮುಗಿದಿಲ್ಲ’ ಅಂತಲೇ ಯಾಕೆ ಅನಿಸಿತು? ಲಂಚ ಮುಟ್ಟದ ಗುಮಾಸ್ತ ಅಂದರೆ ‘ಇನ್ನೂ ಹೊಸಬ ಇರಬೇಕು’ ಅನ್ನುತ್ತೇವೆ. ಜಗಳವಿಲ್ಲದ ಮನೆ ಅಂದರೆ ‘ಒಳಗೇನಿದೆಯೋ ಯಾರಿಗೆ ಗೊತ್ತು’ ಅನ್ನುತ್ತೇವೆ. ಕೊಳೆಯೇ ರಿಯಲ್, ಮಿಕ್ಕಿದ್ದೆಲ್ಲ ಶೋ. ನಾವೆಲ್ಲ ಒಂದೊಂದು ಟೂತ್‌ಬ್ರಶ್ ಇಟ್ಟುಕೊಂಡೇ ಓಡಾಡುತ್ತಿದ್ದೇವೆಯೇ? (ನಾವು ಅಂದೆ. ನಾಚಿಕೆಯನ್ನು ಹಂಚಿಕೊಂಡರೆ ಕಡಿಮೆಯಾದೀತು ಅಂತ. ಆಗಲಿಲ್ಲ.)

ರಾಯರ ಅಷ್ಟು ವರ್ಷದ ನೌಕರಿಯಲ್ಲಿ ಆ ಗೋಡೆಗೆ ಉಗುಳಿ, ಒಂದು ಕಲೆಯನ್ನಾದರೂ ದಕ್ಕಿಸಿಕೊಂಡವನು ನಾನೊಬ್ಬನೇ.