ಮೊದಲ ವಾರದ ಅಳು

ನಮ್ಮ ಚಿಕ್ಕಮ್ಮನ ಸೀರೆಗಳೆಲ್ಲ ಮೊಣಕಾಲಿನ ಹತ್ತಿರವೇ ಸವೆಯುತ್ತಿದ್ದವು. ಸೆರಗು ಹೊಸದರಂತಿರುತ್ತಿತ್ತು, ಅಂಚು ಗಟ್ಟಿಯಾಗಿರುತ್ತಿತ್ತು, ಮೊಣಕಾಲು ತಾಗುವ ಜಾಗದಲ್ಲಿ ಮಾತ್ರ ತೇಪೆಯ ಮೇಲೆ ತೇಪೆ. ಬಂಧುಗಳು ಇದಕ್ಕೆ ಕೊಡುವ ಕಾರಣ: ದೇವರ ಮುಂದೆ ಮಂಡಿಯೂರಿ ಹಾಗಾಯಿತು, ಮಹಾ ದೈವಭಕ್ತೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಅಂಥವಳಾದ್ದರಿಂದಲೇ ಮಕ್ಕಳ ಶಾಲೆಯ ಆಸೆಯನ್ನು ತಾನಾಗಿಯೇ ಬಿಟ್ಟುಕೊಟ್ಟಳು.

ಎರಡನ್ನೂ ನಾನು ಒಪ್ಪುವುದಿಲ್ಲ. ಮನೆಯವರೆಲ್ಲ ಶಿವಗಂಗೆಗೆ ಹೊರಟಾಗ, ‘ಬೆಟ್ಟ ಎಲ್ಲೂ ಓಡಿಹೋಗಲ್ಲ, ನೀವು ಹೋಗ್ಬನ್ನಿ’ ಎಂದು ಹಾಯಾಗಿ ಮನೆಯಲ್ಲಿ ಉಳಿದವಳು ಅವಳು. ಅವಳು ಮಂಡಿಯೂರುತ್ತಿದ್ದುದು ಮಕ್ಕಳ ಮುಂದೆ. ಮೂರು ವರ್ಷದವರ ಜೊತೆ ಮಾತಾಡುವಾಗ ನಮ್ಮ ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂಬುದು ಅವಳು ಓದಿ ಕಲಿತ ಪಾಠ. ಇನ್ನು ಶಾಲೆಯ ವಿಷಯ. ಅದನ್ನು ಅವಳು ಬಿಟ್ಟುಕೊಡಲಿಲ್ಲ. ಅದು ಕೈತಪ್ಪಿದ್ದು ಊರೆಲ್ಲ ನೋಡುತ್ತಿದ್ದಾಗ, ನನ್ನ ಬಾಯಿಂದ.

ಅಮ್ಮನ ತಂಗಿಯಾದರೂ ನನಗಿಂತ ತೀರ ದೊಡ್ಡವಳೇನಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಬೆಳೆದು, ಬಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಪದವೀಧರರಿಗೆಂದೇ ನಡೆಯುತ್ತಿದ್ದ ಶಿಶುಶಿಕ್ಷಣದ ತರಬೇತಿಗೆ ಸೇರಿದಳು. ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆಗೆ ಪರದಾಡುವಾಗ ಇದೆಂಥ ಓದು ಎಂದು ಅಮ್ಮನಿಗೆ ಸಿಟ್ಟು.

‘ಬಿ.ಎ. ಓದಿ ಕಂಡೋರ ಮಕ್ಕಳ ಮೂಗು ಒರೆಸ್ತೀಯೇನೇ?’

‘ಒರೆಸಲ್ಲ ಅಕ್ಕ. ಒರೆಸ್ಕೊಳ್ಳೋದು ಹೇಳಿಕೊಡ್ತೀನಿ. ಅದಕ್ಕೇ ಒಂದು ವರ್ಷ ಓದ್ಬೇಕು.’

ಶನಿವಾರ ಸಂಜೆಯ ರೈಲಿಗೆ ಬಂದರೆ ಅವಳ ಬಾಯಿ ತುಂಬ ತರಬೇತಿಯದೇ ಕಥೆ. ಒಂದು ಮಗುವನ್ನು ಆರಿಸಿಕೊಂಡು, ಮೂಲೆಯಲ್ಲಿ ಕೂತು, ಅದು ಮಾಡಿದ್ದನ್ನೆಲ್ಲ ಬರೆಯಬೇಕಂತೆ. ಒಮ್ಮೆ ‘ಹಟಮಾರಿ’ ಎಂದು ಬರೆದಳಂತೆ. ಪಾಠ ಹೇಳುವವರು ಅದನ್ನು ಹೊಡೆದುಹಾಕಿ, ‘ಹಟ ನಿಮ್ಮ ಕಣ್ಣಿಗೆ ಕಾಣಿಸ್ತೇನಮ್ಮಾ? ಕಂಡಿದ್ದು ಬರೀರಿ’ ಎಂದರಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿ, ಯಾರು ಏನು ಹೇಳಿದರೂ ಆಧಾರ ಕೇಳುತ್ತಿದ್ದ ನನಗೆ ಇದು ಬಹಳ ಹಿಡಿಸಿತು. ಮನೆಯಲ್ಲಿ ನನ್ನ ವಾದವನ್ನು ತಲೆಹರಟೆ ಎನ್ನದೆ ಕೇಳುತ್ತಿದ್ದವಳು ಅವಳೊಬ್ಬಳೇ. ಕೇಳಿ, ಕೊನೆಗೆ, ‘ಇದು ನೀನು ಕಂಡಿದ್ದೋ, ಅಂದ್ಕೊಂಡಿದ್ದೋ?’ ಎನ್ನುವಳು. ನಾನು ಮಾತು ಬದಲಾಯಿಸುತ್ತಿದ್ದೆ.

ಕಲಿತದ್ದರ ಪ್ರಯೋಗವೆಲ್ಲ ಹಿಂದಿನ ಬೀದಿಯ ನೇಕಾರರ ಮಗುವಿನ ಮೇಲೆ. ಅವನಿಗೆ ನನ್ನ ಹಳೆಯ ಅಂಗಿ ತೊಡಿಸಿ, ಗುಂಡಿ ಹಾಕಿಕೊಳ್ಳಲು ಬಿಟ್ಟು ಎದುರಿಗೆ ಮಂಡಿಯೂರುವಳು. ಅವನು ಮೇಲಿನ ಗುಂಡಿಯನ್ನು ಕೆಳಗಿನ ತೂತಿಗೆ ಹಾಕುವನು, ತೆಗೆಯುವನು, ಮತ್ತೆ ಹಾಕುವನು. ಅಮ್ಮ ತಡೆಯಲಾರದೆ ಕೈ ಚಾಚಿದರೆ, ‘ಮುಟ್ಟಬೇಡ ಅಕ್ಕ, ನಿನ್ನ ದಮ್ಮಯ್ಯ!’

‘ಇವನು ಗುಂಡಿ ಹಾಕಿ ಮುಗಿಸೋ ಹೊತ್ತಿಗೆ ಅಂಗಿ ಚಿಕ್ಕದಾಗಿರತ್ತೆ ಬಿಡು.’

ಕೊನೆಗೊಂದು ದಿನ ಗುಂಡಿ ತನ್ನ ತೂತಿನಲ್ಲೇ ಕೂತಿತು. ಆ ಹುಡುಗ ನಗಲಿಲ್ಲ, ಕುಣಿಯಲಿಲ್ಲ. ಎದೆಯನ್ನೊಮ್ಮೆ ಬಗ್ಗಿ ನೋಡಿಕೊಂಡು ಸೀದಾ ಬೀದಿಗೆ ನಡೆದುಬಿಟ್ಟ. ಚಿಕ್ಕಮ್ಮನ ಕಣ್ಣಲ್ಲಿ ನೀರು. ‘ನನಗೊಂದು ಥ್ಯಾಂಕ್ಸೂ ಹೇಳ್ದೆ ಹೋದ ನೋಡೋ. ಹಂಗೇ ಹೋಗ್ಬೇಕು’ ಎಂದಳು.

ಆ ಹುಡುಗನ ಮನೆಗೆ ನಾನೂ ಹೋಗಿದ್ದೇನೆ. ಗುಣಿಮಗ್ಗದ ಮನೆ. ಅಪ್ಪ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುವಾಗ, ಅಮ್ಮ ಲಾಳಿಗೆ ನೂಲು ಸುತ್ತುವಾಗ, ಮಗು ಗುಣಿಗೆ ಬೀಳದಿರಲೆಂದು ಅದರ ಸೊಂಟಕ್ಕೆ ಹಳೆಯ ಸೀರೆಯ ತುಂಡು ಬಿಗಿದು ಕಂಬಕ್ಕೆ ಕಟ್ಟಿರುತ್ತಿದ್ದರು. ಅದರಲ್ಲಿ ಕ್ರೂರತನವಿಲ್ಲ, ಬೇರೆ ದಾರಿ ಇರಲಿಲ್ಲ. ಆ ಬೀದಿಯ ಅನೇಕ ಮನೆಗಳಲ್ಲಿ ಹೀಗೇ. ಬೀದಿಯ ತುದಿಯಲ್ಲಿ ಪುರಸಭೆಯ ಹಳೆಯ ಸುಂಕದ ಕಟ್ಟೆ, ಅದರ ಪಕ್ಕ ಖಾಲಿ ಕೋಣೆ. ಆ ಕೋಣೆ ಸಿಕ್ಕರೆ ಈ ಮಕ್ಕಳನ್ನು ಹಗಲೆಲ್ಲ ಇಟ್ಟುಕೊಳ್ಳುತ್ತೇನೆ ಎಂದು ಚಿಕ್ಕಮ್ಮ ಪುರಸಭೆಯ ಅಧ್ಯಕ್ಷರನ್ನು ಕೇಳಿದಳು. ಅವರು ‘ನೋಡೋಣಮ್ಮ’ ಎಂದರು. ಊರಿನ ಅಭಿಪ್ರಾಯವೂ ತಿಳಿಯಲಿ ಎಂದು ವಾಚನಾಲಯದ ಆ ವರ್ಷದ ಚರ್ಚಾಸ್ಪರ್ಧೆಗೆ ಅದನ್ನೇ ವಿಷಯವಾಗಿ ಇಟ್ಟರು: ಐದು ತುಂಬುವ ಮೊದಲು ಮಕ್ಕಳಿಗೆ ಶಾಲೆ ಬೇಕು.

ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದು ನಮ್ಮ ಪದ್ಧತಿ. ನನ್ನ ಚೀಟಿಯಲ್ಲಿ ‘ವಿರೋಧ’ ಎಂದಿತ್ತು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಆ ಶನಿವಾರ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹತ್ತಿರ ಕೂತು ಕೇಳಿದೆ.

‘ಚಿಕ್ಕಮ್ಮ, ನಿನ್ನ ಓದಿನಲ್ಲಿ ನಿನಗೇ ಅನುಮಾನ ಇರೋ ಜಾಗ ಯಾವುದು?’

ಬೇರೆ ಯಾರಾದರೂ ಆಗಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಅವಳು ಅವರೆಕಾಯಿ ಕೆಳಗಿಟ್ಟು ಯೋಚಿಸಿದಳು.

‘ಮೊದಲ ವಾರದ ಅಳು ಕಣೋ. ಅಮ್ಮ ಬಾಗಿಲಲ್ಲಿ ಬಿಟ್ಟು ಹೋದ್ಮೇಲೆ ಕೆಲವು ಮಕ್ಕಳು ಅಳ್ತಾವಲ್ಲ, ಅದನ್ನ ನೋಡಕ್ಕಾಗಲ್ಲ. ಅಭ್ಯಾಸ ಆಗತ್ತೆ ಅಂತಾರೆ, ಆಗೂ ಆಗತ್ತೆ. ಆದ್ರೆ ಅಭ್ಯಾಸ ಆಗೋದೂ ಒಳ್ಳೇದಾಗೋದೂ ಒಂದೇನಾ? ಕ್ಲಾಸಲ್ಲಿ ನಾನೇ ಕೇಳ್ದೆ. ಯಾರೂ ಉತ್ತರ ಹೇಳ್ಲಿಲ್ಲ.’

ಸ್ಪರ್ಧೆಯ ದಿನ ವಾಚನಾಲಯ ತುಂಬಿತ್ತು. ಒಂದು ಪಕ್ಕದಲ್ಲಿ ಹೆಂಗಸರ ಸಾಲು, ಅದರಲ್ಲಿ ಚಿಕ್ಕಮ್ಮ. ನಾನು ಮೊದಲು ಊರವರ ನಗೆಗೆ ಬೇಕಾದದ್ದೆಲ್ಲ ಎಸೆದೆ: ಗುಂಡಿ ಹಾಕುವುದಕ್ಕೆ ಬಿ.ಎ. ಬೇಕಾದರೆ ಲಂಗೋಟಿ ಕಟ್ಟುವುದಕ್ಕೆ ಎಂ.ಎ. ಬೇಕೇ ಎಂದೆ. ನಕ್ಕರು. ನಗು ಇಳಿದ ಮೇಲೆ ದನಿ ತಗ್ಗಿಸಿ, ಬಾಗಿಲಲ್ಲಿ ನಿಂತು ಅಳುವ ಮಗುವನ್ನು ಅವರ ಕಣ್ಣ ಮುಂದೆ ನಿಲ್ಲಿಸಿದೆ. ‘ಎಲ್ಲ ಮಕ್ಕಳೂ ಹೀಗೇ ಅಳುತ್ತವೆ. ಅಭ್ಯಾಸವಾಗುತ್ತದೆ ಎನ್ನುತ್ತಾರೆ ಪಂಡಿತರು. ಮಹಾಜನರೇ, ಅಭ್ಯಾಸವಾಗುವುದೂ ಒಳ್ಳೆಯದಾಗುವುದೂ ಒಂದೇ ಏನು?’

ಜೋರು ಚಪ್ಪಾಳೆ ಬಿತ್ತು. ನಾನು ಹೆಂಗಸರ ಸಾಲಿನ ಕಡೆ ನೋಡಲಿಲ್ಲ.

ಬಹುಮಾನ ಕೊಡುತ್ತ ಅಧ್ಯಕ್ಷರು ಹೇಳಿದರು: ‘ಆ ಓದು ಓದಿದೋರ ಮನೆ ಹುಡುಗನೇ ಹಿಂಗಂದ್ಮೇಲೆ ನಾವು ಹೇಳೋದೇನಿದೆ?’ ತಿಂಗಳು ಕಳೆಯುವುದರೊಳಗೆ ಆ ಕೋಣೆಗೆ ರೇಷನ್ ಸೀಮೆಎಣ್ಣೆಯ ಡಬ್ಬಗಳು ಬಂದವು.

ಅವಳು ಬೈದಿದ್ದರೆ ನಾನು ವಾದ ಹೂಡುತ್ತಿದ್ದೆ. ಚೀಟಿ ತಾನೇ ಬಂದದ್ದು, ಸ್ಪರ್ಧೆ ಸ್ಪರ್ಧೆಯೇ, ಎಲ್ಲ ಸಿದ್ಧವಿತ್ತು. ಸ್ಪರ್ಧೆಯ ದಿನ ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಹೇಳಿದ್ದು ಇಷ್ಟೇ: ‘ಚೆನ್ನಾಗಿ ಮಾತಾಡ್ದೆ. ಒಂದು ಮಾತ್ರ ಸರಿಯಿಲ್ಲ. ಎಲ್ಲಾ ಮಕ್ಕಳೂ ಅಳ್ತಾವೆ ಅಂದೆ. ನಾನು ಹಂಗೆ ಹೇಳಿರ್ಲಿಲ್ಲ. ಕೆಲವು ಅಳಲ್ಲ, ಒಳಗೆ ಓಡ್ತಾವೆ.’ ಚೀಟಿ ನನಗೆ ಪಕ್ಷ ಕೊಟ್ಟಿತ್ತು, ನಿಜ. ಗೆಲ್ಲಿಸಿದ ವಾಕ್ಯವನ್ನು ಚೀಟಿ ಕೊಟ್ಟಿರಲಿಲ್ಲ.

ತರಬೇತಿ ಮುಗಿಸಿದವಳಿಗೆ ಸಿಕ್ಕಿದ್ದು ನೆಲಮಂಗಲದ ಕಡೆಯ ಒಂದು ಶಾಲೆಯಲ್ಲಿ ದೊಡ್ಡ ಹುಡುಗಿಯರಿಗೆ ಲೆಕ್ಕ ಹೇಳುವ ಕೆಲಸ. ಅದನ್ನೂ ಚೆನ್ನಾಗಿಯೇ ಮಾಡಿದಳಂತೆ. ರಜೆಯಲ್ಲಿ ಬಂದಾಗ ಹಿಂದಿನ ಬೀದಿಗೆ ಹೋಗುವುದನ್ನು ಬಿಟ್ಟಿದ್ದಳು. ಎರಡು ವರ್ಷ ಕಳೆದಿರಬೇಕು, ವಿಷಮಜ್ವರ ಬಂದು ಅಲ್ಲೇ ತೀರಿಕೊಂಡಳು. ಜ್ವರದ ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲೇ ಅವಳ ಮಾತು ನಿಂತಿತ್ತು. ಕ್ಷಮೆ ಕೇಳಬೇಕೆಂದಿದ್ದೆ. ಕೇಳಿದ್ದರೆ, ತಪ್ಪು ಯಾವುದು ಅಂತ ಸರಿಯಾಗಿ ಹೇಳು ಎನ್ನುತ್ತಿದ್ದಳೇನೋ.

ತಿಥಿಯ ಊಟಕ್ಕೆ ಅಧ್ಯಕ್ಷರೂ ಬಂದಿದ್ದರು. ಎಲೆಯ ಮುಂದೆ ಕೂತು, ‘ಎಂಥ ದೈವಭಕ್ತೆ! ಆ ಕೋಣೆ ಬೇಡ ಅಂತ ತಾನೇ ಬಿಟ್ಕೊಟ್ಟಳು, ದೊಡ್ಡ ಮನಸ್ಸು’ ಎಂದರು. ಪಂಕ್ತಿಯಲ್ಲಿ ಎಲ್ಲರೂ ತಲೆದೂಗಿದರು. ಬಡಿಸುತ್ತಿದ್ದ ನಾನು ಸಾರಿನ ಪಾತ್ರೆ ಹಿಡಿದು ಅವರ ಎದುರಿಗೆ ನಿಂತೆ. ಕೇಳಬೇಕೆಂದಿದ್ದ ಪ್ರಶ್ನೆಗೆ ಅವರು ಹೌದು ಎಂದರೆ ಚಿಕ್ಕಮ್ಮನ ಶಾಲೆಯನ್ನು ತಪ್ಪಿಸಿದವನು ನಾನೇ. ಇಲ್ಲ ಎಂದರೆ ಅವರು ಮೊದಲೇ ತೀರ್ಮಾನಿಸಿದ್ದರು, ನನ್ನ ಮಾತು ಬರೀ ನೆಪ. ಯಾವುದಕ್ಕೆ ಆಸೆಪಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಆದರೂ ಪಂಕ್ತಿಗೆಲ್ಲ ಕೇಳುವಂತೆ ಕೇಳಿಬಿಟ್ಟೆ.

‘ಅಧ್ಯಕ್ಷರೇ, ಅವತ್ತು ಚರ್ಚೇಲಿ ನನಗೆ ಪರ ಅನ್ನೋ ಚೀಟಿ ಬಂದಿದ್ರೆ, ಆ ಕೋಣೆ ಕೊಡ್ತಿದ್ರಾ?’