ಟೀಪುಡಿ ಕೂಪನ್ನಿನ ಕುಕ್ಕರು

ಇವತ್ತು ಬೆಳಿಗ್ಗೆ ಹೊಸ ಟೀಪುಡಿ ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿಯುತ್ತಿದ್ದೆ. ಘಮ್ಮೆಂದು ವಾಸನೆ ಬಂತು. ಅದರ ಹಿಂದೆಯೇ ನನ್ನ ಎರಡು ಬೆರಳು ಖಾಲಿ ಪೊಟ್ಟಣದ ತಳಕ್ಕೆ ಹೋಗಿ ತಡಕಾಡಿದವು. ಅಲ್ಲಿ ಏನೂ ಇರುವುದಿಲ್ಲವೆಂದು ನನಗೆ ಗೊತ್ತು. ಪೊಟ್ಟಣದೊಳಗೆ ಕೂಪನ್ ಇಡುವುದು ನಿಂತು ಎಷ್ಟೋ ವರ್ಷಗಳಾದವು. ನನ್ನ ಬೆರಳುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಎಪ್ಪತ್ತರ ದಶಕದಲ್ಲಿ ನೀವು ಸಂಸಾರ ಮಾಡಿದವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೀಪುಡಿಯೊಳಗೆ ಅಂಗೈಯಷ್ಟು ಬಣ್ಣದ ಚೀಟಿ ಇರುತ್ತಿತ್ತು. ಕೆಲವನ್ನು ಕೂಡಿಟ್ಟರೆ ಸ್ಟೀಲ್ ಚಮಚ, ಇನ್ನಷ್ಟು ಕೂಡಿಟ್ಟರೆ ಲೋಟ, ತಟ್ಟೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೈ ಸವೆಸಿಕೊಂಡ ನಮಗೆ ಸ್ಟೀಲು ಎಂದರೆ ಬೆಳ್ಳಿಗಿಂತ ಒಂದು ಕೈ ಮೇಲು. ಒಂದು ವರ್ಷ ಕಂಪನಿಯವರು ಇಂತಿಷ್ಟು ಚೀಟಿಗಳ ದೊಡ್ಡ ಕಂತೆ ತಂದವರಿಗೆ ಪ್ರೆಷರ್ ಕುಕ್ಕರ್ ಕೊಡುತ್ತೇವೆಂದು ಅಂಗಡಿಗಳ ಮುಂದೆ ಚಿತ್ರ ಅಂಟಿಸಿದರು. ಆಗ ನಾವಿದ್ದ ಹೊಳಲ್ಕೆರೆಯ ಕಿರಾಣಿ ಅಂಗಡಿಯಲ್ಲಿ ಆ ಚಿತ್ರ ನೋಡಿದ ದಿನವೇ, ಅದು ನನ್ನ ಮನೆಗೆ ಬರಲೇಬೇಕೆಂದು ತೀರ್ಮಾನಿಸಿದೆ.

ಆಸೆಗೆ ಕಾರಣವಿತ್ತು. ಮದುವೆಗೆ ಮುಂಚೆ ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಚಿತ್ರದುರ್ಗದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಬೇಕೆಂಬುದು ನನ್ನ ಹಟ. ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಓದಬೇಡ ಎಂದವರಲ್ಲ. ಅಡ್ಡ ಬಂದದ್ದು ತೊಗರಿಬೇಳೆ. ನಮ್ಮ ಬಾವಿಯದು ಗಡಸು ನೀರು. ಆ ನೀರಿನಲ್ಲಿ ಬೇಳೆ ಕುದಿಯುತ್ತಿತ್ತೇ ಹೊರತು ಬೇಯುತ್ತಿರಲಿಲ್ಲ. ನಾವಿಬ್ಬರು, ನಮ್ಮಲ್ಲೇ ಇದ್ದು ಓದುತ್ತಿದ್ದ ಇವರ ತಮ್ಮಂದಿರು, ಎಲ್ಲರಿಗೂ ಸೌದೆ ಒಲೆಯ ಮೇಲೆ ಸಾರು ಮುದ್ದೆ ಆಗುವಷ್ಟರಲ್ಲಿ ದುರ್ಗದ ಬೆಳಗಿನ ಬಸ್ಸು ಹೋಗಿ ಧೂಳೂ ಅಡಗಿರುತ್ತಿತ್ತು.

ಕೂಪನ್ನಿನ ವಿಷಯ ಎತ್ತಿದ ಕೂಡಲೇ ಇವರ ಮುಖ ಗಂಟಾಯಿತು.

“ಬಿಟ್ಟಿ ಸಾಮಾನು ಈ ಮನೆಗೆ ಬ್ಯಾಡ. ಯುಗಾದಿ ಬರ್ಲಿ, ದುಡ್ಡು ಕೊಟ್ಟು ತರ್ತೀನಿ” ಎಂದರು.

“ಬಿಟ್ಟಿ ಹೆಂಗಾಗ್ತೈತೆ? ಟೀಪುಡಿ ಕೊಂಡಿಲ್ವಾ ನಾವು? ಇದರ ರೇಟು ಅದರಾಗೇ ಸೇರೈತೆ.”

“ಸೇರಿರ್ಲಿ ಬಿಡು. ಚೀಟಿ ಹಿಡ್ಕಂಡು ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಂತ್ಕಳೋದು ಐತಲ್ಲ, ಅದು ನನಗಾಗಲ್ಲ.”

ಇವರು ಹೀಗೇಕೆಂದು ನನಗೆ ತಿಳಿಯದೆ ಇರಲಿಲ್ಲ. ಇವರ ತಂದೆ ಬೇಗ ತೀರಿಹೋದರು. ಇವರು ಓದಿದ್ದು ಉಚಿತ ಹಾಸ್ಟೆಲಿನಲ್ಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತು. ಎರಡನೇ ಸಲ ಅನ್ನ ಕೇಳಿದಾಗ ಬಡಿಸುವವನು ನೋಡುತ್ತಿದ್ದ ನೋಟವನ್ನು ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದರು, ಮತ್ತೆ ಹೇಳಲಿಲ್ಲ. ಸಂಬಳ ಬರತೊಡಗಿದ ಮೇಲೆ ಸಂತೆಯಲ್ಲಿ ಮಾರುವವರು ಕೊಸರೆಂದು ಪುಕ್ಕಟೆ ಹಾಕಿದ ಹಸಿಮೆಣಸಿನಕಾಯಿಯನ್ನೂ ತೆಗೆದು ಅವರ ಬುಟ್ಟಿಗೇ ಹಾಕುತ್ತಿದ್ದರು. ಅವರ ನೋವು ನನಗೆ ಅರ್ಥವಾಗುತ್ತಿತ್ತು. ಆದರೆ ಅದರಿಂದ ಬೇಳೆ ಬೇಯುತ್ತಿರಲಿಲ್ಲ.

ಗೋಡೆಯಾಚೆ ಇದೇ ಜಗಳ ತಲೆಕೆಳಗಾಗಿ ನಡೆಯುತ್ತಿತ್ತು. ಅಲ್ಲಿದ್ದವರು ಟೈಲರ್ ಇಮಾಮ್ ಸಾಬರು ಮತ್ತು ಅವರ ಹೆಂಡತಿ ಜೈಬುನಕ್ಕ. ಕೂಪನ್ ಹುಚ್ಚು ಸಾಬರಿಗೆ. ಸೋಪಿನ ಹೊದಿಕೆ ಕೊಟ್ಟರೆ ಟಾರ್ಚು ಬರುತ್ತದೆಂದು ಯಾರೋ ಹೇಳಿದ್ದೇ ತಡ, ಮನೆ ತುಂಬ ಸೋಪು ತಂದು ಪೇರಿಸಿದ್ದರು.

“ನೋಡವ್ವ, ಟಾರ್ಚು ಬರೋವರೆಗೂ ನಾನು ಮೂರು ಹೊತ್ತು ಮೈ ತೊಳ್ಕಬೇಕಂತೆ” ಎಂದು ಜೈಬುನಕ್ಕ ಗೋಡೆಯ ಮೇಲಿಂದ ಹೇಳಿದರೆ, ಒಳಗಿನಿಂದ ಸಾಬರ ಹೊಲಿಗೆ ಮೆಷಿನ್ನಿನ ಸದ್ದು ಜೋರಾಗುತ್ತಿತ್ತು. ಗಂಡನನ್ನು ಅಷ್ಟು ಗೇಲಿ ಮಾಡಿದ ಆಕೆಯೇ ನನ್ನ ತರಬೇತಿಯ ವಿಷಯ ತಿಳಿದ ಮೇಲೆ ತಮ್ಮ ಮನೆಯ ಟೀಪುಡಿ ಚೀಟಿಗಳನ್ನೆಲ್ಲ ತಂದುಕೊಟ್ಟರು. ಬದಲಿಗೆ ನಮ್ಮ ಮನೆಯ ಸೋಪಿನ ಹೊದಿಕೆಗಳು ಗೋಡೆ ದಾಟಿದವು. ಇದನ್ನೆಲ್ಲ ನಾನು ಕದ್ದುಮುಚ್ಚಿ ಮಾಡಲಿಲ್ಲ. ಇವರ ಕಣ್ಣೆದುರಿಗೇ ಚೀಟಿ ಜೋಡಿಸಿ ದಾರ ಕಟ್ಟುತ್ತಿದ್ದೆ. ಇವರು ಪೇಪರ್ ಅಡ್ಡ ಹಿಡಿದುಕೊಳ್ಳುತ್ತಿದ್ದರು.

ಯುಗಾದಿ ಬಂತು, ಹೋಯಿತು. ಆ ಹಬ್ಬಕ್ಕೆ ತಮ್ಮಂದಿರ ಪರೀಕ್ಷೆ ಫೀಜು, ಊರಲ್ಲೊಂದು ಮದುವೆ. ಕುಕ್ಕರ್ ಬರಲಿಲ್ಲ. ಇವರು ತಲೆ ತಗ್ಗಿಸಿ ಓಡಾಡಿದರು, ನಾನೂ ಕೆದಕಲಿಲ್ಲ. ಬೇಸಿಗೆ ಮುಗಿಯುತ್ತ ಬಂದಾಗ ನನ್ನ ಕಂತೆ ಭರ್ತಿಯಾಯಿತು, ತರಬೇತಿಗೆ ಸೀಟೂ ಸಿಕ್ಕಿತು. ಕೂಪನ್ ತೆಗೆದುಕೊಳ್ಳುವ ಏಜೆಂಟರ ಅಂಗಡಿ ಇದ್ದದ್ದು ಹಿರಿಯೂರಿನಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅಡುಗೆ ಮಾಡಿ ಮುಚ್ಚಿಟ್ಟು, “ಹಿರಿಯೂರಿಗೆ ಹೋಗಿ ಬರ್ತೀನ್ರಿ” ಎಂದೆ. ಇವರು ಮತ್ತೆ ಪೇಪರ್ ಅಡ್ಡ ಹಿಡಿದುಕೊಂಡರು. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ದುರ್ಗದಲ್ಲಿ ಬಸ್ಸು ಬದಲಾಯಿಸುವಾಗ ವಾಪಸು ಹೋಗಿಬಿಡಲೇ ಎನಿಸಿತು. ಆದರೂ ಹತ್ತಿದೆ.

ಕೊಬ್ಬರಿ ಮಂಡಿಗಳ ಸಾಲಿನಲ್ಲಿತ್ತು ಆ ಅಂಗಡಿ. ಏಜೆಂಟರು ನನ್ನ ಕಂತೆ ನೋಡಿ, “ಕುಕ್ಕರು ಮುಗದಾವಮ್ಮ. ಲೋಟ ತಗಂಡು ಹೋಗ್ರಿ” ಎಂದರು.

ಅವರ ಹಿಂದೆ ಗಾಜಿನ ಬೀರುವಿನಲ್ಲಿ ಕುಕ್ಕರ್ ಹೊಳೆಯುತ್ತಿತ್ತು. “ಅಲ್ಲೊಂದೈತಲ್ರಿ” ಎಂದೆ.

“ಅದು ಷೋಗೆ ಇಟ್ಟಿರೋದು. ಕೊಡಾಕೆ ಬರಲ್ಲ.”

ನಾನು ಕಂತೆ ಎತ್ತಿಕೊಂಡೆ. ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಏನು ಮಾಡಬೇಕೆಂದು ತಿಳಿದು ಕುಳಿತದ್ದಲ್ಲ. ಬರಿಗೈಲಿ ಬಸ್ ಹತ್ತಲಾರೆ ಎಂಬುದಷ್ಟೇ ಗೊತ್ತಿತ್ತು. ಬಂದವರು ಹೋದವರು ನೋಡಿದರು. ಸೆರಗು ಬಿಗಿಯಾಗಿ ಹೊದ್ದು ಕುಳಿತೇ ಇದ್ದೆ. ಬಿಸಿಲು ಮೆಟ್ಟಿಲಿಗೆ ಬಂತು. ಆಗ ಎದುರಿಗೆ ಬಂದು ನಿಂತವರನ್ನು ತಲೆಯೆತ್ತಿ ನೋಡಿದರೆ, ನಮ್ಮ ಯಜಮಾನರು. ನನ್ನನ್ನು ಒಬ್ಬಳನ್ನೇ ಕಳಿಸಿ ಮನೆಯಲ್ಲಿ ಇರಲಾಗದೆ ಮುಂದಿನ ಬಸ್ಸಿಗೇ ಹೊರಟಿದ್ದರಂತೆ.

ನಡೆದದ್ದನ್ನು ಹೇಳಿದೆ. ಅವರು ಅತ್ತಿತ್ತ ನೋಡಿ ಮೆಲ್ಲಗೆ, “ಎದ್ದೇಳು, ಹೋಗಾಣ. ಜನ ನೋಡ್ತಾವ್ರೆ” ಎಂದರು.

“ನೋಡ್ಲಿ. ನಾನು ಬರಲ್ಲ” ಎಂದೆ.

ಒಳಗಿನಿಂದ ಏಜೆಂಟರ ಧ್ವನಿ ಬಂತು. “ಕರ್ಕಂಡು ಹೋಗ್ರಿ ಸ್ವಾಮಿ. ಬಿಟ್ಟಿ ಅಂದ್ರೆ ಸಾಕು, ಎಲ್ಲಿಂದ್ಲೋ ಬಂದು ಬಾಗಿಲಾಗೆ ಕುಂತ್ಕಂತಾರೆ.”

ಇವರ ಕಿವಿ ಕೆಂಪಾದದ್ದನ್ನು ಕಂಡೆ. ಮನೆಯಲ್ಲಿ ತಾವೇ ಆಡುತ್ತಿದ್ದ ಮಾತು ಇನ್ನೊಬ್ಬರ ಬಾಯಿಂದ ಬಂದಿತ್ತು. ಇನ್ನು ನನ್ನ ತೋಳು ಹಿಡಿದು ಎಬ್ಬಿಸುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಒಳಗೆ ಹೋದರು. ಕಚೇರಿಯಲ್ಲಿ ಯಾರ ಮುಂದೆಯೂ ಎತ್ತದ ಧ್ವನಿ ಅದು, ಅವತ್ತೂ ಎತ್ತಲಿಲ್ಲ.

“ಬಿಟ್ಟಿ ಅಲ್ಲ ಸ್ವಾಮಿ” ಎಂದರು. “ವರ್ಷಗಟ್ಲೆ ನಿಮ್ಮ ಟೀಪುಡಿ ಕೊಂಡಿದೀವಿ. ಇದರ ರೇಟು ಅದರಾಗೇ ಸೇರೈತೆ. ಕೊಡ್ತೀವಂತ ಊರೂರಿಗೆ ಚಿತ್ರ ಅಂಟ್ಸಿದೋರು ನೀವು. ಕೊಡ್ರಿ, ನಾವು ಹೋಗ್ತೀವಿ. ಕೊಡಾವರೆಗೂ ಇಬ್ಬರೂ ಇಲ್ಲೇ ಇರ್ತೀವಿ.”

ಆಮೇಲೆ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಅಂಥ ಮನುಷ್ಯ ಮೆಟ್ಟಿಲ ಮೇಲೆ ಕುಳಿತದ್ದು ಅಂಗಡಿಗೆ ಶೋಭೆ ತರಲಿಲ್ಲ. ಕೊಬ್ಬರಿ ಮಂಡಿಯವರು ಬಂದು ವಿಚಾರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಗಾಜಿನ ಬೀರು ತೆರೆದ ಸದ್ದಾಯಿತು.

ಷೋಗೆ ಇಟ್ಟ ಕುಕ್ಕರಿಗೆ ಮೇಲಿಡುವ ವೆಯ್ಟು ಇರಲಿಲ್ಲ. ದುರ್ಗದ ಪಾತ್ರೆ ಅಂಗಡಿಯಲ್ಲಿ ಇವರು ಅದನ್ನು ಕೊಂಡರು. ಕೊಂಡದ್ದೇ ತಡ, ಮುಖ ಅರಳಿತು. ನೋಡಲು ಬಂದ ಇಮಾಮ್ ಸಾಬರಿಗೆ, “ವೆಯ್ಟಿಗೆ ದುಡ್ಡು ಕೊಟ್ಟಿದೀನಿ ಸಾಬ್ರೆ” ಎಂದು ಕೇಳದಿದ್ದರೂ ಹೇಳಿದರು. ಮೊದಲ ಸಲ ಅದು ಸೀಟಿ ಹೊಡೆದಾಗ ಇಬ್ಬರು ಗಂಡಸರೂ ಬಾಗಿಲ ಹೊರಗಿದ್ದರು. ಒಲೆಯ ಮುಂದೆ ನಿಂತವರು ನಾನು, ಜೈಬುನಕ್ಕ. ಮುಚ್ಚಳ ತೆಗೆದು ಸೌಟಾಡಿಸಿದರೆ ಬೇಳೆ ಬೆಣ್ಣೆಯಂತೆ ಕರಗಿತ್ತು. ನನಗೆ ಅಳು ಬಂತು. ಹೊಗೆ ಎಂದೆ.

ತರಬೇತಿ ಮುಗಿಸಿ ರಾಮಗಿರಿಯ ಶಾಲೆಗೆ ಸೇರಿದೆ. ಆಮೇಲೆ ಎಲ್ಲೆಲ್ಲೋ ವರ್ಗವಾಗಿ, ಕೊನೆಗೆ ಇಬ್ಬರೂ ನಿವೃತ್ತರಾಗಿ ದುರ್ಗದಲ್ಲಿ ನೆಲೆಸಿದೆವು. ಅವತ್ತಿನಿಂದ ಇವರು ಬದಲಾದರು ಎಂದು ನೀವು ತಿಳಿದುಕೊಂಡರೆ ತಪ್ಪು. ಇವತ್ತಿಗೂ ಕೊಸರು ಮುಟ್ಟುವುದಿಲ್ಲ, ನಾನು ಬಿಡುವುದಿಲ್ಲ. ಈ ವಯಸ್ಸಿನಲ್ಲಿ ಒಬ್ಬರನ್ನೊಬ್ಬರು ತಿದ್ದುವ ಉಮೇದೂ ಇಲ್ಲ.

ಹೋದ ವಾರ ಇಲ್ಲಿನ ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ, “ಕೂಪನ್ ಐತಾ ಅಮ್ಮ?” ಎಂದಳು. ಇತ್ತು. ಆದರೆ ಚೀಲದಲ್ಲಿ ಕೈಗೆ ಸಿಗುತ್ತಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. ಮೊದಲಿನ ನಾನಾಗಿದ್ದರೆ ಜಗ್ಗುತ್ತಿರಲಿಲ್ಲ. ಈಗ ಮಂಡಿ ನೋವು, ಸಂಕೋಚ. “ಹೋಗ್ಲಿ ಬಿಡ್ರಿ, ಮನೆಗೆ ಹೋಗಾಣ” ಎಂದೆ.

ಇವರು ಕೋಲೂರಿ ಹಿಂದೆ ತಿರುಗಿ, “ಸ್ವಲ್ಪ ತಡೀರಪ್ಪ, ಹುಡುಕ್ತಾವ್ಳೆ” ಎಂದರು. ಆಮೇಲೆ ಕೋಲನ್ನು ಪಕ್ಕಕ್ಕೆ ಒರಗಿಸಿ, ನನ್ನ ಚೀಲದ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, “ಹುಡುಕು, ಸಿಗ್ತೈತೆ” ಎಂದರು.