ಓಂಕಾರನ ಎಳನೀರ ಹಳ್ಳ

“ನಮ್ಮ ಫ್ಯಾಕ್ಟರಿ ಬಾಜೂದ ಹಳ್ಳದ ನೀರು ಎಳನೀರಿದ್ದಂಗ ಐತ್ರಿ,” ಎಂದು ಓಂಕಾರ ದಿನಾ ಮುಂಜಾನೆ ಮೊಬೈಲಿನ ಮುಂದೆ ನಿಂತು ಹೇಳುತ್ತಾನೆ. ಮೂಡಲಗಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಪರಿಸರ ಕಾಳಜಿಯನ್ನು ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹಬ್ಬಿಸುವುದೇ ಅವನ ನೌಕರಿ. ಅವನ ಫೋನಿಗೆ ಸಿಕ್ಕರೆ ಕೊಣ್ಣೂರಿನ ಕಾಗೆಯೂ ಗಿಳಿಯಾಗುತ್ತದೆ. ಒಂದೇ ಬೇವಿನ ಸಸಿಯನ್ನು ಫೋಟೋಕ್ಕಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲೆಲ್ಲ ನೆಟ್ಟು ಕಿತ್ತು ಒಯ್ದದ್ದರಿಂದ ಆ ಸಸಿಗೆ ಮೂರೂ ತಾಲೂಕಿನ ಬಸ್ಸಿನ ವೇಳೆ ಬಾಯಿಪಾಠವಾಗಿದೆ. “ಹಳ್ಳ ನಾರತೈತಿ” ಎಂದು ಯಾರಾದರೂ ಕಾಮೆಂಟು ಹಾಕಿದರೆ, ಅವರು ಫೋನನ್ನು ಕಿಸೆಗೆ ಇಳಿಸುವುದರೊಳಗೆ ಅಳಿಸಿರುತ್ತಾನೆ. ಮೊನ್ನೆ ಅವನ ಶೂಟಿಂಗ್ ನೋಡಲು ಮ್ಯಾನೇಜರ ಸಾಹೇಬರೇ ಬಂದು ನಿಂತಿದ್ದಾಗ, ಅವನ ಚಿಕ್ಕಮ್ಮ ರಾಯವ್ವ ತನ್ನ ಒಂದೇ ಒಂದು ಎಮ್ಮೆಯನ್ನು ಆ ಹಳ್ಳಕ್ಕೆ ನೀರು ಕುಡಿಸಲು ಹೊಡೆದುಕೊಂಡು ಬಂದಳು. ಓಂಕಾರ ಫೋನು ಬಿಸಾಕಿ ಓಡಿಹೋಗಿ ಎಮ್ಮೆಯ ಕೊಂಬು ಹಿಡಿದು ನಿಲ್ಲಿಸಿದ. “ಯಾಕೋ, ಎಳನೀರ ಅಂತ ನೀನಽ ಹೇಳಿದ್ಯಲ್ಲೋ? ನಿನ್ನ ವಿಡಿಯೋ ನೋಡೇ ಬಂದೇನಿ,” ಎಂದಳು ರಾಯವ್ವ. ಓಂಕಾರ ಒಮ್ಮೆ ಸಾಹೇಬರ ಮುಖ ನೋಡಿದ. ಆಮೇಲೆ ಎಮ್ಮೆಯನ್ನು ಹಿಂದಕ್ಕೆ ತಿರುಗಿಸಿದ. “ವಿಡಿಯೋಕ್ಕ ಲೈಕ್ ಹಾಕ ಚಿಗವ್ವಾ, ಎಮ್ಮಿನ ಮಾತ್ರ ಹೊಳಿಗೆ ಹೊಡಿ.”